ವಿನಿಬಾಯಿಯ ಊರಿನ ಎರಡು ಪರದೆ

ಬಹಳ ಕಾಲದ ಹಿಂದೆ, ರೈಲು ನೀರು ಕುಡಿಯಲು ಮಾತ್ರ ನಿಲ್ಲುತ್ತಿದ್ದ ಒಂದು ಊರಿತ್ತಂತೆ. ರೈಲಿಗೆ ಅಲ್ಲಿಯ ನೀರು ಬೇಕಿತ್ತು; ರೈಲಿನೊಳಗಿನವರಿಗೆ ಆ ಊರು ಬೇಕಿರಲಿಲ್ಲ. ಎಷ್ಟು ಕಾಲದ ಹಿಂದೆ ಎಂದು ಕೇಳಬಾರದು. ಕೇಳಿದರೆ ಒಬ್ಬರು ಅಜ್ಜನ ಕಾಲ ಅನ್ನುತ್ತಾರೆ, ಇನ್ನೊಬ್ಬರು ಅಜ್ಜನ ಅಜ್ಜನ ಕಾಲ ಅನ್ನುತ್ತಾರೆ, ಇಬ್ಬರೂ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ.

ಆ ಊರಲ್ಲಿ ಗುಳಪ್ಪ ಚಿತ್ರಗಾರ ಎಂಬುವನಿದ್ದ. ನಾಟಕ ಕಂಪನಿಗಳಿಗೆ ಪರದೆ ಬರೆಯುವುದು ಅವನ ಕಸುಬು. ಅರಮನೆಯ ಪರದೆ, ಬೀದಿಯ ಪರದೆ, ಕಾಡಿನ ಪರದೆ. ಅವನು ಬರೆದ ಹುಲಿ ಕಂಡು ಮುಂದಿನ ಸಾಲಿನವರು ಎದ್ದು ಓಡಿದರಂತೆ. ಅವನು ಬರೆದ ಮಾವಿನ ಮರದ ಮೇಲೆ ನಿಜವಾದ ಗಿಳಿ ಬಂದು ಕೂತಿತಂತೆ. ಗಿಳಿಗೆ ಅಷ್ಟು ಬುದ್ಧಿ ಇರುತ್ತದೆ. ಆ ಮಾತು ಬಿಡಿ. ಒಳ್ಳೆಯ ಕೆಲಸಗಾರ ಅನ್ನುವುದನ್ನು ಮಾತ್ರ ಅವನ ಹೆಂಡತಿ ಫಕೀರವ್ವ ಕೂಡ ಒಪ್ಪುತ್ತಿದ್ದಳು. ಅವನ ಬಗ್ಗೆ ಬೇರೆ ಯಾವುದನ್ನೂ ಅವಳು ಸುಲಭಕ್ಕೆ ಒಪ್ಪುತ್ತಿರಲಿಲ್ಲ.

ಪರದೆ ಬರೆಯುವವರಿಗೆ ಒಂದು ಕಟ್ಟಳೆ ಇತ್ತು. ನಡುವೆ ಏನೂ ಬರೆಯಬಾರದು. ಅರಮನೆಯಾದರೆ ಕಂಬಗಳು ಎಡಕ್ಕೆ, ಬಲಕ್ಕೆ. ಕಾಡಾದರೆ ಮರಗಳು ಎಡಕ್ಕೆ, ಬಲಕ್ಕೆ. ನಡುವೆ ಖಾಲಿ ನೆಲ. ಅಲ್ಲಿ ರಾಜ ಬಂದು ನಿಲ್ಲುತ್ತಾನೆ. ಅವನ ತಲೆಯ ಹಿಂದೆ ಕಿಟಕಿ ಬರೆದರೆ ಜನ ಕಿಟಕಿ ನೋಡುತ್ತಾರೆ, ರಾಜನ ಹಾಡು ಹಾಳಾಗುತ್ತದೆ. ಗುಳಪ್ಪನ ಅಪ್ಪ ಹಾಗೆ ಬರೆದ, ಗುಳಪ್ಪನೂ ಹಾಗೆ ಬರೆದ. ಆ ಕಟ್ಟಳೆ ಅವನ ತಲೆಯಲ್ಲಿರಲಿಲ್ಲ, ಕೈಯಲ್ಲಿತ್ತು.

ಅದೇ ಊರಿನ ರೈಲ್ವೆ ಚಾಳಿನ ಒಂದು ಮನೆಯಲ್ಲಿ ವಿನಿಫ್ರೆಡ್ ಎಂಬ ಇಂಗ್ಲಿಷ್ ಹೆಣ್ಣುಮಗಳು ಇದ್ದಳು. ಗಂಡ ರೈಲಿನ ಗಾರ್ಡ್. ಜ್ವರ ಬಂದು ತೀರಿಕೊಂಡಿದ್ದ. ಅವಳು ತಿರುಗಿ ತನ್ನ ದೇಶಕ್ಕೆ ಹೋಗಲಿಲ್ಲ. ಹೆರಿಗೆ ಮಾಡಿಸುವುದು ಬಲ್ಲವಳಾದ್ದರಿಂದ ಊರೂ ಅವಳನ್ನು ಬಿಡಲಿಲ್ಲ. ಜನ ವಿನಿಬಾಯಿ ಎಂದು ಕರೆದರು. ಬಾಣಂತಿ ಕೋಣೆಗಳಲ್ಲೇ ಕನ್ನಡ ಕಲಿತವಳು. ಹಾಗಾಗಿ ಗಂಡಂದಿರನ್ನು ಬಯ್ಯುವ ಮಾತೆಲ್ಲ ಬರುತ್ತಿತ್ತು, ಸುತ್ತಲಿನ ದೇವಿಯರ ಹೆಸರೆಲ್ಲ ಬರುತ್ತಿತ್ತು. ಆ ಎರಡರಲ್ಲಿ ಊರಿನ ಎಲ್ಲ ವ್ಯವಹಾರ ನಡೆಯುತ್ತಿತ್ತಂತೆ.

ಫಕೀರವ್ವನ ಹೆರಿಗೆಯಲ್ಲಿ ಮಗು ಕಾಲು ಮುಂದಾಗಿ ಬಂತು. ಊರಿನ ಸೂಲಗಿತ್ತಿ ಕೈ ಚೆಲ್ಲಿದಳು. ವಿನಿಬಾಯಿ ಬಂದಳು, ಗುಳಪ್ಪನನ್ನು ಕನ್ನಡದಲ್ಲಿ ಬಯ್ದು ಹೊರಗೆ ಅಟ್ಟಿದಳು, ಒಳಗೆ ಹೋದಳು. ತಾಯಿ ಉಳಿದಳು, ಮಗಳು ಉಳಿದಳು. ಏನು ಕೊಡಲಿ ಎಂದು ಗುಳಪ್ಪ ಕೇಳಿದಾಗ, ಸದ್ಯಕ್ಕೆ ಏನೂ ಬೇಡ, ಬೇಕಾದಾಗ ಕೇಳುತ್ತೇನೆ ಅಂದಳಂತೆ. ಮಗಳು ನೀಲವ್ವ ಬೆಳೆದು ಗಂಡನ ಮನೆಗೆ ಹೋಗುವತನಕ ಕೇಳಲಿಲ್ಲ. ಗುಳಪ್ಪ ವಿನಿಬಾಯಿಯ ಮನೆ ಮುಂದೆ ಹಾಯುವಾಗೆಲ್ಲ ಕಾಲಿನ ಕಾಲ್ಮರಿ ಕಳಚಿ ಕೈಯಲ್ಲಿ ಹಿಡಿದು ಹಾಯುತ್ತಿದ್ದ. ಬಾಯಿಗೆ ಅದು ಗೊತ್ತಿತ್ತೋ ಇಲ್ಲವೋ ಹೇಳುವವರಿಲ್ಲ.

ಆಮೇಲೆ ವಿನಿಬಾಯಿಯ ಕಣ್ಣು ಹೋಗತೊಡಗಿತು. ಪೊರೆಯಲ್ಲ, ಒಳಗಿನ ನರ ಒಣಗುತ್ತಿದೆ, ಮುಂದಿನ ಮಳೆಗಾಲದ ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಗ ಅವಳು ಗುಳಪ್ಪನನ್ನು ಕರೆಸಿದಳು.

ಅವಳ ಕೈಯಲ್ಲಿ ಅಂಗೈಯಗಲದ ಒಂದು ಫೋಟೋ ಇತ್ತು. ಅವಳು ಹುಟ್ಟಿದ ಊರು, ಸ್ಕಾರ್‌ಬೆಕ್. ಎಡಕ್ಕೆ ಕಲ್ಲಿನ ಸೇತುವೆ, ಬಲಕ್ಕೆ ಚರ್ಚಿನ ಗೋಪುರ, ನಡುವೆ ಗಿಡ್ಡ ಬಾಗಿಲಿನ ಒಂದು ಮನೆ. ಆ ಊರು ಈಗಿಲ್ಲ ಅಂದಳು. ದೂರದ ಪಟ್ಟಣವೊಂದಕ್ಕೆ ಕುಡಿಯುವ ನೀರು ಬೇಕಾಗಿ ಸರಕಾರದವರು ಕಣಿವೆಗೆ ಒಡ್ಡು ಕಟ್ಟಿದರು, ಊರು ನೀರಿನ ಕೆಳಗಿದೆ. ಮುಳುಗಡೆ ಅಂದರೇನೆಂದು ಆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಂಗ್ಲಿಷರು ತಮ್ಮ ಊರನ್ನೂ ಬಿಡುವುದಿಲ್ಲ ಎಂದು ತಿಳಿದು ಕೆಲವರಿಗೆ ಒಂದು ಥರದ ಸಮಾಧಾನವೂ ಆಯಿತಂತೆ.

ಫೋಟೋ ಈಗ ಕಾಣುವುದಿಲ್ಲ, ಮಂಜು ಮಂಜು. ನಿನ್ನ ಪರದೆಯಷ್ಟು ದೊಡ್ಡದಾಗಿ ಬರೆದು ಕೊಡು, ಮಳೆಗಾಲದೊಳಗೆ ಒಮ್ಮೆ ಸರಿಯಾಗಿ ನೋಡಿಬಿಡುತ್ತೇನೆ ಎಂದು ಕೇಳಿದಳು. ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು. ಗುಳಪ್ಪ ತಲೆಯಾಡಿಸಿ, ಫೋಟೋ ತೆಗೆದುಕೊಂಡು ಬಂದ.

ಕಂಪನಿ ಬೇರೆ ಊರಿಗೆ ಹೋಗಿತ್ತು, ತಗಡಿನ ಥೇಟರು ಖಾಲಿ ಇತ್ತು. ಅಲ್ಲಿ ಬಟ್ಟೆ ಕಟ್ಟಿದ. ಮಾದರಿ ಚಿತ್ರವನ್ನು ಹಿಟ್ಟಿನ ಅಂಟಿನಿಂದ ಹಲಗೆಗೆ ಅಂಟಿಸಿ ಎದುರಿಗಿಟ್ಟುಕೊಳ್ಳುವುದು ಪರದೆ ಬರೆಯುವವರಲ್ಲಿ ರೂಢಿ. ಫೋಟೋವನ್ನೂ ಹಾಗೇ ಅಂಟಿಸಿದ. ಸೇತುವೆ ಬರೆದ. ಹೊಳೆ ಬರೆದ. ಗೋಪುರ ಬರೆದ. ಅವನ ಗೋಪುರಕ್ಕೆ ಸ್ವಲ್ಪ ಗುಡಿಯ ಶಿಖರದ ಕಳೆ ಬಂತು ಅನ್ನುತ್ತಾರೆ, ಬಂದಿರಬಹುದು. ಊಟ ಥೇಟರಿಗೇ ಬರುತ್ತಿತ್ತು. ಹೊಳೆಗೆ ಕೈ ಹಾಕಿದರೆ ತಣ್ಣಗಿರುತ್ತಿತ್ತಂತೆ. ಹಸಿ ಬಣ್ಣ ತಣ್ಣಗೇ ಇರುತ್ತದೆ.

ಚಿತ್ರ ಮುಗಿದ ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದ. ತಿರುಗಿ ಬರುವಷ್ಟರಲ್ಲಿ ಥೇಟರಿನ ಇಲಿಗಳು ಹಲಗೆಯ ಮೇಲಿನ ಅಂಟು ತಿಂದಿದ್ದವು, ಅಂಟಿನ ಜೊತೆ ಫೋಟೋವನ್ನೂ ತಿಂದಿದ್ದವು. ಮೂಲೆಯಲ್ಲಿ ಚೂರು ಆಕಾಶ ಉಳಿದಿತ್ತು. ಗುಳಪ್ಪ ಹಣೆ ಬಡಿದುಕೊಂಡ, ಆಮೇಲೆ ಸಮಾಧಾನ ಮಾಡಿಕೊಂಡ. ಹೆದರುವುದೇನಿದೆ, ಎಲ್ಲ ದೊಡ್ಡದಾಗಿ ಬಟ್ಟೆಯ ಮೇಲಿದೆಯಲ್ಲ ಎಂದು ಫಕೀರವ್ವನನ್ನು ಕರೆದು ತೋರಿಸಿದ.

ಫಕೀರವ್ವ ಬಾಯಿಯ ಮನೆಗೆ ಹೋಗಿ ಬರುವವಳು, ಆ ಫೋಟೋ ಎಷ್ಟೋ ಸಲ ನೋಡಿದವಳು. ಸೊಂಟದ ಮೇಲೆ ಕೈಯಿಟ್ಟು ಪರದೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

“ಚಂದ ಆಗೇತಿ. ಬಾಯಾರ ಮನಿ ಎಲ್ಲೈತ್ರಿ?” ಅಂದಳು.

ಗುಳಪ್ಪ ನೋಡಿದ. ಎಡಕ್ಕೆ ಸೇತುವೆ. ಬಲಕ್ಕೆ ಗೋಪುರ. ನಡುವೆ ಖಾಲಿ ನೆಲ. ಹುಟ್ಟಿದ ಮನೆ ಇರಬೇಕಾದಲ್ಲಿ ರಾಜನಿಗೆ ಜಾಗ ಬಿಟ್ಟಿದ್ದ.

“ಅಲ್ರೀ, ಯಾವ ರಾಜಾ ಬರಾಂವ ಅದಾನ ಅಲ್ಲಿ?” ಎಂದು ಫಕೀರವ್ವ ಕೇಳಿದಳಂತೆ. ಅವನು ಮತ್ತೆ ಕುಂಚ ಎತ್ತಿಕೊಂಡ. ಮನೆ ಹೇಗಿತ್ತೆಂದು ಇಬ್ಬರಿಗೂ ನೆನಪಿಲ್ಲ, ತನಗೆ ತಿಳಿದ ಹಾಗೆ ಒಂದು ಬಾಗಿಲು ಬರೆದುಬಿಡುತ್ತೇನೆ, ಮಸುಕು ಕಣ್ಣಿಗೆ ಏನು ಗೊತ್ತಾದೀತು ಎಂದು ಗೊಣಗಿದ. ಫಕೀರವ್ವ ಅವನನ್ನು ದಿಟ್ಟಿಸಿ ನೋಡಿದಳು. ಅವನು ಕುಂಚ ಕೆಳಗಿಟ್ಟ.

“ಕಾಲು ಮುಂದ ಮಾಡಿ ಬಂದ ಕೂಸಿನ್ನ ಆಕಿ ಸುಳ್ಳ ಹೇಳಿ ಹೊರಗ ತಗೀಲಿಲ್ಲ. ಹೋಗ್ರಿ, ಇದ್ದದ್ದ ಹೇಳ್ರಿ.”

ಹೋದ. ಇದ್ದದ್ದು ಹೇಳಿದ. ಇಲಿಯ ಮಾತೂ ಹೇಳಿದ, ನಡುವೆ ಖಾಲಿ ಬಿಟ್ಟ ಮಾತೂ ಹೇಳಿದ. ವಿನಿಬಾಯಿ ತನಗೆ ಬರುವ ಬೈಗುಳವೆಲ್ಲ ಬಯ್ಯಬಹುದು ಎಂದು ತಲೆ ತಗ್ಗಿಸಿ ನಿಂತಿದ್ದ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಗೋಡೆ ಹಿಡಿದು ಎದ್ದು, ನಡಿ ನೋಡೋಣ ಅಂದಳು.

ಥೇಟರಿನಲ್ಲಿ ಅವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಡೆದಳು. ಸೇತುವೆ ಗುರುತಿಸಿದಳು. ಗೋಪುರ ನೋಡಿ ಸ್ವಲ್ಪ ನಕ್ಕಳು, ನಮ್ಮ ಪಾದ್ರಿ ಇದನ್ನು ಕಂಡಿದ್ದರೆ ಮಂಗಳಾರತಿ ಕೇಳುತ್ತಿದ್ದ ಅಂದಳಂತೆ. ಗುಳಪ್ಪ ಇದ್ದಿಲು ಹಿಡಿದು ನಡುವೆ ನಿಂತ.

“ಹೇಳ್ರಿ ಬಾಯಾರ, ನೀವು ಹೇಳ್ದಂಗ ಬರೀತೀನಿ. ಬಾಗಿಲದ ಬಣ್ಣ ಯಾವುದಿತ್ತು?”

ಬಾಗಿಲ ಬಣ್ಣ ಅವಳಿಗೆ ನೆನಪಾಗಲಿಲ್ಲ.

ಕಿಟಕಿ ಎಷ್ಟಿದ್ದವು ಎಂದು ಕೇಳಿದ. ಗೊತ್ತಿಲ್ಲ. ಹೊಗೆ ಹೋಗುವ ಗೂಡು ಯಾವ ಕಡೆ ಇತ್ತು? ಗೊತ್ತಿಲ್ಲ. ಮೆಟ್ಟಿಲಿತ್ತೇ? ಅದೂ ಗೊತ್ತಿಲ್ಲ.

“ದಿನಾ ಫೋಟೋ ನೋಡ್ತಿದ್ದೆ, ಗುಳಪ್ಪ. ಫೋಟೋ ಐತಲ್ಲ ಅಂತ ನೆನಪಿಡೋದು ಬಿಟ್ಟೆ,” ಅಂದಳು.

ಗುಳಪ್ಪನ ಕೈಯಲ್ಲಿ ಇದ್ದಿಲು ಪುಡಿಯಾಯಿತು. ಆ ಮನೆ ಇಲಿಯ ಹೊಟ್ಟೆ ಬಿಟ್ಟು ಬೇರೆಲ್ಲೂ ಇಲ್ಲ ಎಂದು ಅವನಿಗೆ ಆಗ ಖಾತ್ರಿಯಾಯಿತು. ಮಗಳ ಜೀವ ಉಳಿಸಿದವಳಿಗೆ ಅವನು ಕೊಟ್ಟದ್ದು ಇದು.

ವಿನಿಬಾಯಿ ಕೂರಲು ಕುರ್ಚಿ ತಡಕಿದಳು. ಥೇಟರಿನಲ್ಲಿ ಕುರ್ಚಿ ಇರಲಿಲ್ಲ, ಕಂಪನಿ ಹೊತ್ತುಕೊಂಡು ಹೋಗಿತ್ತು. ಅವಳು ಪರದೆಯ ನಡುವೆ, ಆ ಖಾಲಿ ನೆಲದ ಹತ್ತಿರ, ಬೆನ್ನು ಪರದೆಗೆ ಮಾಡಿ ನಿಂತುಕೊಂಡಳು. ಬಾಗಿಲಲ್ಲಿ ನಿಂತವರು ನಿಲ್ಲುವ ಹಾಗೆ. ಎದುರಿಗೆ ಖಾಲಿ ಥೇಟರು, ತಗಡಿನ ಸಂದಿಯಿಂದ ಬಿಸಿಲು. ಆಮೇಲೆ ಬೆರಳು ಎತ್ತಿದಳು.

“ಅಲ್ಲಿ ಗುಡ್ಡ ಇತ್ತು,” ಅಂದಳು.

ಗುಳಪ್ಪ ಆ ಕಡೆ ನೋಡಿದ. ಅಲ್ಲಿ ಟಿಕೇಟಿನ ಬಾಗಿಲಿತ್ತು.

ಗುಡ್ಡದ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ, ನಡುವೆ ಮಣ್ಣಿಲ್ಲ, ಗಚ್ಚಿಲ್ಲ. ಗೋಡೆಯಾಚೆ ಕುರಿಗಳು, ಮುಖ ಕಪ್ಪು, ಮೈ ಬಿಳಿ. ಕೆಳಗೆ ಪಕ್ಕದ ಮನೆಯ ಮುದುಕಿ ಅರಿವೆ ಒಣಹಾಕುತ್ತಿದ್ದಳು, ಗಾಳಿ ಬಂದರೆ ಅವಳ ಗಂಡನ ಅಂಗಿ ಗುಡ್ಡ ಹತ್ತುವ ಹಾಗೆ ಕಾಣುತ್ತಿತ್ತು. ಅವಳು ಹೇಳುತ್ತಲೇ ಹೋದಳು. ಒಂದಕ್ಕೂ ತಡವರಿಸಲಿಲ್ಲ. ಸಂಜೆ ಅಪ್ಪ ಆ ಗೋಡೆಯ ಹಿಂದಿನ ದಾರಿಯಲ್ಲಿ ಇಳಿದು ಬರುತ್ತಿದ್ದ. ಗೋಡೆ ಎತ್ತರ, ಅಪ್ಪ ಗಿಡ್ಡ.

“ಮೊದಲ ಟೊಪ್ಪಿಗಿ ಬರ್ತಿತ್ತು. ಆಮ್ಯಾಲೆ ಅಪ್ಪ ಬರ್ತಿದ್ದ.”

ಹಾಗಂದು ಅವಳು ಅತ್ತಳು, ನಕ್ಕಳು, ಯಾವುದು ಮೊದಲು ಅನ್ನುವುದರಲ್ಲಿ ಜನರಲ್ಲಿ ಒಮ್ಮತವಿಲ್ಲ. ಫೋಟೋ ತೆಗೆದವನು ಯಾವನೋ ಹೊಳೆಯ ಆಚೆ ದಂಡೆಯಲ್ಲಿ ನಿಂತು ತೆಗೆದಿದ್ದ. ಆ ಜಾಗದಿಂದ ಅವಳು ತನ್ನ ಮನೆಯನ್ನು ಎಂದೂ ನೋಡಿದವಳಲ್ಲ. ಅವಳು ನೋಡಿದ್ದೆಲ್ಲ ಬಾಗಿಲಿನಿಂದ ಹೊರಗೆ.

ಗುಳಪ್ಪ ಇನ್ನೊಂದು ಬಟ್ಟೆ ಕಟ್ಟಿದ, ಮೊದಲನೆಯದಕ್ಕೆ ಎದುರಾಗಿ. ಬಾಯಿ ದಿನಾ ಬಂದು ಆ ಖಾಲಿ ಜಾಗದಲ್ಲಿ ನಿಂತು ಹೇಳುವಳು, ಅವನು ಬರೆಯುವನು. ಈ ಪರದೆಯಲ್ಲಿ ನಡುವೆ ಖಾಲಿ ಬಿಡಲಿಲ್ಲ. ನಡುವೆ ಗುಡ್ಡ, ಗೋಡೆ, ಗೋಡೆಯ ಮೇಲೆ ಟೊಪ್ಪಿಗೆ. ಅಪ್ಪನ ಮುಖ ಬರೆಯಲೇ ಎಂದು ಕೇಳಿದ. ಬೇಡ, ಇನ್ನೇನು ಬರುತ್ತಾನೆ ಅಂದಳು. ಕುರಿಗಳು ನಮ್ಮ ಸೀಮೆಯ ಕುರಿಗಳ ಹಾಗೇ ಆದವು, ಕಿವಿ ಜೋತುಬಿದ್ದು. ಅವಳು ಅದಕ್ಕೆ ತಕರಾರು ಮಾಡಲಿಲ್ಲ.

ಮಳೆ ಆ ವರ್ಷ ತಡವಾಯಿತು. ಅವಳು ನೋಡಿ ಮುಗಿಸಲಿ ಎಂದೇ ತಡೆಯಿತಂತೆ. ಮಳೆ ಎಷ್ಟೋ ವರ್ಷ ಯಾರ ಕಾರಣವೂ ಇಲ್ಲದೆ ತಡವಾಗಿದೆ. ಏನೇ ಇರಲಿ, ಬಾಯಿ ಟೊಪ್ಪಿಗೆಯನ್ನು ಕಣ್ಣು ತುಂಬ ನೋಡಿದಳು, ಇದು ನಿಜ.

ಕಣ್ಣು ಪೂರ್ತಿ ಹೋದ ಮೇಲೂ ಅವಳು ಬರುತ್ತಿದ್ದಳು. ಫಕೀರವ್ವ ಕೈಹಿಡಿದು ಕರೆತಂದು ಆ ಜಾಗದಲ್ಲಿ ನಿಲ್ಲಿಸುತ್ತಿದ್ದಳು. ಊರಿನ ಬಾಣಂತಿಯರು ಹಸುಗೂಸುಗಳನ್ನು ಅಲ್ಲಿಗೇ ತಂದು ಅವಳ ಕೈಗೆ ಕೊಡುತ್ತಿದ್ದರು. ಅವಳು ಕೂಸನ್ನು ಎದುರಿಗೆ ತಿರುಗಿಸಿ ಹಿಡಿದು, ತನಗೆ ಕಾಣದ ಗುಡ್ಡ ತೋರಿಸುತ್ತಿದ್ದಳು. ನೀಲವ್ವನ ಮಗನನ್ನೂ ಹಾಗೇ ಹಿಡಿದಳು. ಆ ದಿನ ಗುಳಪ್ಪ, ಬಾಯಾರ, ನಾ ನಿಮಗ ಇನ್ನೂ ಏನೂ ಕೊಟ್ಟಿಲ್ಲ ಅಂದನಂತೆ. ಅದಕ್ಕೆ ಅವಳು ಹೆರಿಗೆ ಕೋಣೆಯ ಕನ್ನಡದಲ್ಲಿ ಕೊಟ್ಟ ಉತ್ತರವನ್ನು ಹೆಂಗಸರು ಇವತ್ತಿಗೂ ಹೇಳಿ ನಗುತ್ತಾರೆ, ಗಂಡಸರ ಮುಂದೆ ಹೇಳುವುದಿಲ್ಲ.

ಬಾಯಿ ಹೋದಳು. ಗುಳಪ್ಪನೂ ಹೋದ. ಥೇಟರು ಬಿದ್ದಾಗ ಊರಿನ ಫೋಟೋ ಸ್ಟುಡಿಯೋದವರು ಎರಡೂ ಪರದೆ ತಂದು ಎದುರುಬದುರು ಕಟ್ಟಿದರು. ಮೊದಲನೆಯದರ ಮುಂದೆ ಜನ ನಿಲ್ಲುವುದು, ಎರಡನೆಯದು, ಟೊಪ್ಪಿಗೆಯದು, ಕ್ಯಾಮೆರಾದ ಹಿಂದೆ. ಹಾಗಾಗಿ ಆ ಊರಿನ ಮನೆಮನೆಯ ಹಳೆಯ ಫೋಟೋಗಳಲ್ಲಿ ಮದುಮಕ್ಕಳು, ಬಾಣಂತಿಯರು, ತಲೆಗೆ ಪಟಗ ಸುತ್ತಿದ ಹಿರಿಯರು ಎಲ್ಲರೂ ಸ್ಕಾರ್‌ಬೆಕ್‌ನಲ್ಲಿ ನಿಂತಿದ್ದಾರೆ, ಶಿಖರದಂಥ ಚರ್ಚಿನ ಪಕ್ಕ. ಹೊರಗಿನವರು ನೋಡಿ ನಗುತ್ತಾರೆ. ಒಬ್ಬರೂ ಕ್ಯಾಮೆರಾ ನೋಡುವುದಿಲ್ಲವಲ್ಲ, ಎಲ್ಲರ ಕಣ್ಣೂ ಅದರ ಮೇಲುಗಡೆ ಎಲ್ಲೋ ಇದೆಯಲ್ಲ ಎಂದು ಕೇಳುತ್ತಾರೆ. ಎರಡನೆಯ ಪರದೆ ಯಾವ ಫೋಟೋದಲ್ಲೂ ಇಲ್ಲ, ಅದಕ್ಕೆ ಅವರಿಗೆ ತಿಳಿಯುವುದಿಲ್ಲ.

ಪರದೆಗಳು ಹರಿದು ಎಷ್ಟೋ ಕಾಲವಾಯಿತು. ಈಗ ಯಾರ ಮನೆಯಲ್ಲಿ ಯಾರು ಮೊಬೈಲು ಎತ್ತಿ ಹಿಡಿದರೂ ಆ ಊರಲ್ಲಿ ನಗಿರಿ ಅನ್ನುವುದಿಲ್ಲ.

“ಟೊಪ್ಪಿಗಿ ನೋಡ್ರಿ” ಅನ್ನುತ್ತಾರೆ. ಮಾತು ಬಾರದ ಕೂಸು ಕೂಡ ತಲೆ ಎತ್ತಿ, ಯಾರೋ ಬರುವ ಹಾಗೆ, ಆ ಕಡೆ ನೋಡುತ್ತದೆ.