ಕೊತಕೊತ ಎಂದ ತಪ್ಪಿಗೆ

"ಈ ಕೋಶದಲ್ಲಿ ಇಲ್ಲದ್ದು ಮಾತೇ ಅಲ್ಲ!"

ತುಂಬಿದ ಸಭೆಯಲ್ಲಿ ಹೀಗೆಂದು ತೊಡೆ ತಟ್ಟಿದವರು ತಿರುಮಲಾವಧಾನಿಗಳು. ಎದುರಿಗೆ ಇಬ್ಬರು ಆಳುಗಳು ಉಸ್ಸಪ್ಪಾ ಎಂದು ಹೊತ್ತು ತಂದಿಟ್ಟ ತಾಳೆಗರಿಯ ಕಟ್ಟು. ವರ್ಷಗಟ್ಟಲೆ ಅರಮನೆಯ ತುಪ್ಪ ತಿಂದು ಅವರು ಬರೆದ ನಿಘಂಟು ಅದು.

ನಂದಿಗುಂದದ ದೊರೆ ವೀರಮಲ್ಲನಾಯಕನಿಗೆ ಅದರಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೇ ಬಹಳ ಸಂತೋಷಪಟ್ಟ. ದೊಡ್ಡವರ ರೀತಿಯೇ ಹಾಗಲ್ಲವೇ?

"ಏನು ಬೇಕೋ ಕೇಳಿ, ಅವಧಾನಿಗಳೇ."

"ನನಗೇನೂ ಬೇಡ ಪ್ರಭು. ನನ್ನ ಕೋಶದಲ್ಲಿಲ್ಲದ ಶಬ್ದ ಈ ಅರಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು. ಬಂದರೆ ಅಂಥವರು ಗಡಿ ದಾಟಬೇಕು. ಅಷ್ಟು ಸಾಕು."

"ಆಗಲಿ!" ದೊರೆ ಹಿಂದೆಮುಂದೆ ನೋಡದೆ ಮುದ್ರೆ ಒತ್ತಿಸಿಬಿಟ್ಟ.

ಮೂಲೆಯಲ್ಲಿ ಕೂತಿದ್ದ ಮರುಳಪ್ಪ ಕೆಮ್ಮಿದ. ದೊರೆಯನ್ನು ನಗಿಸುವುದು ಅವನ ಉದ್ಯೋಗ. ಹೆಸರು ಮರುಳಪ್ಪನಾದರೂ ಅವನು ಮರುಳು ಮಾಡುವವನೇ ಹೊರತು ಮರುಳಾಗುವವನಲ್ಲ.

"ಸ್ವಾಮಿ, ಈ ಕೆಮ್ಮು ಕೋಶದಲ್ಲಿದೆಯೇ?"

"ಇದೆ. 'ಕಾಸ' ನೋಡು."

"ಕಾಸು ನೋಡಿ ತಿಂಗಳಾಯಿತು ಸ್ವಾಮಿ!"

ಸಭೆ ನಕ್ಕಿತು. ಅವಧಾನಿಗಳು ನಗಲಿಲ್ಲ.

ಮರುದಿನ ದಶಮಿ. ಊಟದ ಪಂಕ್ತಿಯಲ್ಲಿ ಎಲ್ಲರೂ ಕೂತಿದ್ದಾರೆ, ಸಾರು ಬಂದಿಲ್ಲ. ಒಳಗಿಂದ ಅಡುಗೆಯ ಸಂಕಮ್ಮ ಕೂಗಿದಳು. ದೊರೆಗೆ ಹಲ್ಲು ಬರುವ ಮೊದಲೇ ತುತ್ತಿಟ್ಟವಳು ಅವಳು.

"ಬಂದೆ ಮಗಾ, ಸಾರು ಕೊತಕೊತ ಕುದೀತಾ ಇದೆ!"

ಅವಧಾನಿಗಳ ಕಿವಿ ನೆಟ್ಟಗಾಯಿತು. "ಕೊತಕೊತ? ಛೀ! ನನ್ನ ಕೋಶದಲ್ಲಿ ಅಂಥ ಶಬ್ದವೇ ಇಲ್ಲ. ಇವಳು ಗಡಿ ದಾಟಬೇಕು."

"ಸಾರೇ ಹಾಗನ್ನುತ್ತಲ್ಲ ಸ್ವಾಮಿ, ನಾನೇನು ಮಾಡಲಿ?" ಎಂದಳು ಸಂಕಮ್ಮ, ಸೌಟು ಹಿಡಿದೇ ಹೊರಗೆ ಬಂದು.

ದೊರೆಯ ಮುಖ ಬಾಡಿತು. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದ್ರೆ ಒತ್ತಿದ್ದೀನಮ್ಮ. ದ್ವಾದಶಿ ಮಧ್ಯಾಹ್ನದೊಳಗೆ ಹೊರಟುಬಿಡು," ಎಂದ, ಅವಳ ಕಡೆ ನೋಡದೆ.

"ಎಲ್ಲಿಗೆ ಹೋಗಲಪ್ಪ ಈ ವಯಸ್ಸಿನಲ್ಲಿ? ನನಗ್ಯಾರಿದ್ದಾರೆ?"

ಮರುಳಪ್ಪ ಮುಂದಿದ್ದ ಎಲೆ ಸರಿಸಿದ. ಸಿಟ್ಟು ಬಂದರೆ ಅವನು ತೀರಾ ವಿನಯವಂತನಾಗುತ್ತಿದ್ದ. ಎದ್ದು ಕೈಮುಗಿದ.

"ಅವಧಾನಿಗಳೇ, ದ್ವಾದಶಿ ಪಾರಣೆಗೆ ನನ್ನ ಕೈಯಡುಗೆ ಉಣ್ಣಬೇಕು. ನಿಮ್ಮ ಕೋಶ ಹೇಳಿದಂತೆಯೇ ಬಡಿಸುತ್ತೇನೆ, ಒಂದಕ್ಷರ ತಪ್ಪುವುದಿಲ್ಲ."

"ಭೇಷ್! ನಿನಗೂ ಬುದ್ಧಿ ಬಂತಲ್ಲ," ಎಂದು ಅವಧಾನಿಗಳು ಉಬ್ಬಿದರು.

ಏಕಾದಶಿಯಂದು ಅವಧಾನಿಗಳು ಹನಿ ನೀರೂ ಮುಟ್ಟದೆ ಉಪವಾಸವಿದ್ದರು. ಮರುಳಪ್ಪ ಕೋಶದ ಗರಿ ತಿರುವುತ್ತ ಕೂತ. ಗಡಗಡ ಇಲ್ಲ, ಜುಳುಜುಳು ಇಲ್ಲ, ಪಟಪಟ ಇಲ್ಲ. ಸದ್ದು ಮಾಡುವ ಮಾತು ಒಂದೂ ಇಲ್ಲ. ಇದ್ದದ್ದೆಲ್ಲ ಅದು ನೋಡಿ, ಇದು ನೋಡಿ. ಮರುಳಪ್ಪ ಮೀಸೆಯಲ್ಲೇ ನಕ್ಕ.

ದ್ವಾದಶಿ ಬೆಳಗಾಗುತ್ತಲೇ ಅವಧಾನಿಗಳು ಸ್ನಾನ ಮುಗಿಸಿ ಎಲೆಯ ಮುಂದೆ ಕೂತರು. ದೊರೆಯೂ ಬಂದ. ಬಾಗಿಲ ಬಳಿ ಸಂಕಮ್ಮ ಗಂಟು ಕಟ್ಟಿಕೊಂಡು ನಿಂತಿದ್ದಳು.

"ಅನ್ನ ಬಡಿಸಯ್ಯಾ."

ಮರುಳಪ್ಪ ಕೋಶ ತೆರೆದ. "'ಅನ್ನ: ಓದನ ನೋಡಿ.' ನೋಡುತ್ತೇನೆ ಸ್ವಾಮಿ... 'ಓದನ: ಭಕ್ತ ನೋಡಿ.' ಓಹೋ! ಇಗೋ ಬಂದೆ," ಎಂದವನೇ ಬೀದಿಗಿಳಿದ.

ಬಿಸಿಲೇರಿತು. ಅಡುಗೆಮನೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು, ಮರುಳಪ್ಪ ಬರಲಿಲ್ಲ. ಕೊನೆಗೆ ಬೆವರು ಒರೆಸಿಕೊಳ್ಳುತ್ತ ಬಂದ.

"ಎಲ್ಲಿ ಹಾಳಾಗಿ ಹೋಗಿದ್ದೆಯೋ?"

"ಭಕ್ತರನ್ನು ನೋಡಲು ಗುಡಿಗೆ ಹೋಗಿದ್ದೆ. ಇಬ್ಬರು ತೂಕಡಿಸುತ್ತಿದ್ದರು, ಒಬ್ಬ ಚಪ್ಪಲಿ ಹುಡುಕುತ್ತಿದ್ದ. ಅನ್ನ ಮಾತ್ರ ಯಾರ ಹತ್ತಿರವೂ ಇರಲಿಲ್ಲ."

"ಮೂಢಾ! ಭಕ್ತ ಎಂದರೂ ಅನ್ನವೇ!"

"ಹೌದೇ? ಹಾಗಾದರೆ ಮತ್ತೆ ಅನ್ನ ನೋಡುತ್ತೇನೆ. 'ಅನ್ನ: ಓದನ ನೋಡಿ...'"

"ಅಯ್ಯೋ, ಸಾರಾದರೂ ಹಾಕು!"

"'ಸಾರು: ಸೂಪ ನೋಡಿ. ಸೂಪ: ವ್ಯಂಜನ ನೋಡಿ.' ವ್ಯಂಜನ ನನಗೆ ಬಾಯಿಪಾಠ. ಕ ಖ ಗ ಘ ಙ... ಇದರಲ್ಲಿ ಯಾವುದು ಬಡಿಸಲಿ? ಙ ಮೆತ್ತಗಿದೆ, ಹಸಿದ ಹೊಟ್ಟೆಗೆ ಒಳ್ಳೆಯದು."

ದೊರೆ ಉತ್ತರೀಯದಿಂದ ಬಾಯಿ ಮುಚ್ಚಿಕೊಂಡ. ಅವಧಾನಿಗಳು ಎಲೆಗೆ ಗುದ್ದಿದರು.

"ಸಾಕು ಮಾಡೋ ನಿನ್ನ ಹುಡುಗಾಟ! ನಿನ್ನೆಯಿಂದ ಹೊಟ್ಟೆ ಚುರುಚುರು ಅಂತಿದೆ!"

ಮರುಳಪ್ಪ ಕೈಯಲ್ಲಿದ್ದ ಗರಿಯನ್ನು ಮೆಲ್ಲಗೆ ಕೆಳಗಿಟ್ಟ.

"ಏನಂದಿರಿ ಸ್ವಾಮಿ? ಚುರುಚುರು?" 'ಚ'ಕಾರದ ಗರಿಗಳನ್ನು ಒಂದೊಂದಾಗಿ ತಿರುವಿದ. "ಚುಂಬಕ ಇದೆ, ಚುಬುಕ ಇದೆ... ಚುರುಚುರು ಕಾಣೆ."

ಅವಧಾನಿಗಳ ಮುಖ ಬಿಳಿಚಿತು. "ಅದು... ನಾನಂದದ್ದಲ್ಲ. ಹೊಟ್ಟೆ ಅಂದದ್ದು."

"ಪಾಪ, ನಿಮ್ಮ ಹೊಟ್ಟೆ ಇನ್ನೂ ನಿಮ್ಮ ಕೋಶ ಓದಿಲ್ಲ! ಆದರೇನು ಮಾಡುವುದು? ಸಾರು ಅಂದದ್ದಕ್ಕೆ ಸಂಕಮ್ಮ ಗಡಿ ದಾಟುತ್ತಿದ್ದಾಳೆ. ಸಂಕಮ್ಮಾ, ಸ್ವಲ್ಪ ತಾಳು. ದಾರಿಗೆ ಅವಧಾನಿಗಳೂ ಜೊತೆಗಿದ್ದಾರೆ."

"ಅಯ್ಯಯ್ಯೋ ಪ್ರಭು! ಸೇರಿಸುತ್ತೇನೆ, ಚುರುಚುರು ಈಗಲೇ ಸೇರಿಸುತ್ತೇನೆ!"

"ಕೊತಕೊತ?" ದೊರೆ ಎದ್ದು ನಿಂತು ಕೇಳಿದ.

"ಅದನ್ನೂ, ಅದನ್ನೂ!"

"ಹಾಗಾದರೆ ಅದು ಕೋಶದ ಮಾತೇ ಆಯಿತು. ನನ್ನ ಆಜ್ಞೆಯೂ ಉಳಿಯಿತು, ನನ್ನ ಅವ್ವನೂ ಉಳಿದಳು!" ದೊರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಗಂಟು ಬಿಚ್ಚಮ್ಮ. ಅವಧಾನಿಗಳೇ, ನನ್ನ ಕಣ್ಣೆದುರಿಗೇ ಬರೀರಿ. ಬರೆದ ಮೇಲೆ ಊಟ."

ಅವಧಾನಿಗಳು ಹೊಸ ಗರಿಯ ಮೇಲೆ 'ಕೊತಕೊತ' ಎಂದು ಕೊರೆದರು. ಅಲ್ಲಿಗೆ ಗರಿ ಕೊರೆಯುವ ಕಂಟ ನಿಂತಿತು. ಅರ್ಥ ಹೊಳೆಯಲಿಲ್ಲ. ಕ್ವಥನ ಎಂದರು, ಅಲ್ಲ. ಬುದ್ಬುದ ಎಂದರು, ಅದೂ ಅಲ್ಲ. ಹೊಟ್ಟೆ ಮತ್ತೆ ಚುರುಚುರು ಎಂದಿತು.

"ಮರುಳಪ್ಪಾ," ಎಂದರು ಸೋತ ದನಿಯಲ್ಲಿ, "ಇದಕ್ಕೆ ಅರ್ಥ ಏನಂತ ಬರೆಯಲಯ್ಯಾ?"

"ಅದಕ್ಕೇಕೆ ಅಷ್ಟು ಕಷ್ಟ ಸ್ವಾಮಿ? ನಿಮಗೆ ರೂಢಿಯಾದದ್ದನ್ನೇ ಬರೀರಿ," ಎಂದ ಮರುಳಪ್ಪ. "'ಕೊತಕೊತ: ಸಂಕಮ್ಮನ ಒಲೆ ನೋಡಿ.'"