ಗುಡ್ಡ ಹೊತ್ತುಕೊಂಡು ಹೋದ ಲಾರಿ

"ಬುಡನ್‌ಸಾಬ ಉಸ್ತಾದ್, ಗುಡ್ಡ ಹತ್ತುವಾಗ ಎರಡನೇ ಗೇರು ಯಾಕೆ ಅಂತ ಗೊತ್ತು. ಇಳಿಯುವಾಗ ಲಾರಿ ತಾನಾಗಿಯೇ ಹೋಗುತ್ತದಲ್ಲ, ಆಗಲೂ ಅದೇ ಎರಡನೇ ಗೇರು ಯಾಕೆ?" ಎಂದು ನನ್ನ ಶಿಷ್ಯ ಫಕೀರಪ್ಪ ಕೇಳಿದ.

ಘಾಟಿಯ ತಲೆಯಲ್ಲಿ ಲಾರಿ ನಿಂತಿತ್ತು. ಹಿಂದೆ ಕಲ್ಲಿನ ದಿಮ್ಮಿ, ಮುಂದೆ ಬೆಳಗಿನ ಮಂಜು. ಭರ್ತಿ ಲಾರಿಯ ಸ್ಟೇರಿಂಗನ್ನು ಅಂದು ಮೊದಲ ಸಲ ಅವನ ಕೈಗೆ ಕೊಟ್ಟು ನಾನು ಎಡಗಡೆ ಕೂತಿದ್ದೆ. ಅವನು ಗೇರನ್ನು ನ್ಯೂಟ್ರಲ್‌ಗೆ ತಂದು ಅದರ ಮೇಲೆ ಕೈ ಇಟ್ಟುಕೊಂಡಿದ್ದ. ಹ್ಯಾಂಡ್‌ಬ್ರೇಕ್ ಇನ್ನೂ ಬಿಟ್ಟಿರಲಿಲ್ಲ. ಬಿಟ್ಟರೆ ನಮ್ಮಿಬ್ಬರ ಜೀವವೂ ಆ ಕೈಯಲ್ಲೇ.

ಈ ಘಾಟಿಯನ್ನು ನಾನು ಇಳಿದಷ್ಟು ಸಲ ಮಳೆ ಕೂಡ ಇಳಿದಿಲ್ಲ. ಶಾಲೆಯ ಬಾಗಿಲು ಹೇಗಿರುತ್ತದೆಂದು ನಾನು ಕಂಡವನಲ್ಲ, ಆದರೆ ಇಲ್ಲಿನ ತಿರುವುಗಳು ನನ್ನ ಹಾರ್ನ್ ಕೇಳಿದರೆ ಸರಿದು ದಾರಿ ಬಿಡುತ್ತವೆ. ಅದನ್ನೇ ಹೇಳಲು ಬಾಯಿ ತೆರೆದೆ.

"ನಿಮ್ಮ ಲಾರಿ ನಿಧಾನವಾಗಿ ಇಳಿದು ಇಳಿದು ಕನ್ನಡಿಯ ಹಿಂದೆ ಪಿಕಳಾರ ಹಕ್ಕಿ ಗೂಡು ಕಟ್ಟಿದ ಕತೆ ಮಾತ್ರ ಬೇಡ ಉಸ್ತಾದ್. ಡಾಬಾದವರಿಗೂ ಅದು ಬಾಯಿಪಾಠವಾಗಿದೆ."

"ಕೆಳಗೆ ಮುಟ್ಟುವಷ್ಟರಲ್ಲಿ ಮರಿ ರೆಕ್ಕೆ ಬಲಿತು ಹಾರಿದ್ದನ್ನು ಅವರಿಗೆ ಹೇಳಿಲ್ಲ. ಇರಲಿ. ಇದು ಬೇರೆ ಕತೆ, ಕೇಳು."

ಒಂದು ಗುಡ್ಡವಿತ್ತು. ಮೇದು ದಣಿದ ದನಗಳ ಹಾಗೆ ಮೋಡಗಳು ಅದರ ಮೇಲೆ ಬಂದು ಮಲಗುತ್ತಿದ್ದವು. ಅಲ್ಲಿಗೆ ಒಬ್ಬ ಲಾರಿಯವನು ಬಂದ. ಅವನ ಲಾರಿಯಲ್ಲಿ ಒಂದೇ ಒಂದು ಕಲ್ಲಿತ್ತು. ಅದು ಎಷ್ಟು ಭಾರವೆಂದರೆ, ಅದನ್ನು ಎತ್ತಿ ತಂದ ಊರು ಆ ದಿನದಿಂದ ಇನ್ನೊಂದು ಕಡೆಗೆ ವಾಲಿಕೊಂಡೇ ಇದೆ.

ಲಾರಿಯವನು ಭಕ್ತಿವಂತ. ಘಾಟಿಯ ತಲೆಯಲ್ಲಿ ಇಳಿದು ಕಾಯಿ ಒಡೆದ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ. ಲಾರಿಯ ಮುಖಕ್ಕೆ ಹೂವಿನ ಹಾರ ಹಾಕಿದ. ಒಂದೊಂದು ಚಕ್ರವನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಇಷ್ಟೆಲ್ಲ ಮಾಡಿ ಒಳಗೆ ಬಂದು ಕೂತು ಗೇರಿನ ಮೇಲೆ ಕೈ ಇಟ್ಟ.

ಆಗ ಗುಡ್ಡ ಮಾತಾಡಿತು.

"ಇಲ್ಲಿಯತನಕ ನೀನು ಹೊತ್ತೆ. ದಣಿದಿದ್ದೀಯ. ಇನ್ನು ನಾನು ಹೊತ್ತುಕೊಂಡು ಹೋಗುತ್ತೇನೆ."

"ಅದಕ್ಕೆ ನಾನು ನಿನಗೇನು ಕೊಡಬೇಕು?"

"ಏನೂ ಬೇಡ. ಆ ಗೇರೊಂದನ್ನು ಬಿಟ್ಟುಬಿಡು, ಸಾಕು."

ಲಾರಿಯವನಿಗೆ ಸಂತೋಷವಾಯಿತು. ದಣಿವೂ ಆರುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಅವನು ಗೇರು ಬಿಟ್ಟು ನ್ಯೂಟ್ರಲ್‌ಗೆ ತಂದ. ನಿಂಬೆಹಣ್ಣುಗಳು ಚಿಟ್ಟೆಂದು ಒಡೆದವು. ಲಾರಿ ಹೊರಟಿತು.

ಇಂಜಿನ್ನಿನ ಗದ್ದಲ ಅಡಗಿತು. ಆ ಗುಡ್ಡದಲ್ಲಿ ಹಕ್ಕಿಗಳಿವೆ ಎಂಬುದು ಅವನಿಗೆ ಅಂದೇ ಗೊತ್ತಾದದ್ದು. ಮಂಜು ಎದುರು ಬಂದು ಬಾಗಿಲಿನಂತೆ ತೆರೆದುಕೊಳ್ಳುತ್ತಿತ್ತು, ಹಿಂದೆ ಮುಚ್ಚಿಕೊಳ್ಳುತ್ತಿತ್ತು. ಹಾರದ ಹೂಗಳು ಒಂದೊಂದೇ ಬಿಚ್ಚಿ ಗಾಜಿನ ಮೇಲೆ ತೇಲಿಹೋದವು. ತಾಯಿ ತೊಟ್ಟಿಲು ತೂಗುತ್ತಿದ್ದಾಳೆ, ಒಳಗೆ ತಾನು ಮಲಗಿದ್ದೇನೆ ಎಂದು ಅವನಿಗೆ ಅನ್ನಿಸಿತು. ತಿರುವು ಬಂದಾಗ ಬ್ರೇಕ್ ಮೇಲೆ ಕಾಲಿಟ್ಟ. ಇನ್ನೊಂದು ತಿರುವು ಬಂತು, ಮತ್ತೆ ಇಟ್ಟ. ಆಮೇಲೆ ಕಾಲನ್ನು ತೆಗೆಯುವುದನ್ನೇ ಬಿಟ್ಟ.

ಎದುರಿನಿಂದ ಒಂದು ಲಾರಿ ಏದುಸಿರು ಬಿಡುತ್ತ ಹತ್ತಿ ಬಂತು. ಅದರ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: "ಯಾವ ಗೇರಿನಲ್ಲಿ ಇದ್ದೀಯಪ್ಪಾ?"

"ಗುಡ್ಡದ ಗೇರಿನಲ್ಲಿ!" ಎಂದು ಇವನು ನಕ್ಕ.

ಹತ್ತುತ್ತಿದ್ದವನು ಮೂಗು ಮುಚ್ಚಿಕೊಂಡ. ಬ್ರೇಕ್ ಕಾದು ಇವನ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಹೊಗೆ ಮಂಜಿನಲ್ಲಿ ಬೆರೆಯಿತು. ಇವನು ಅದನ್ನೂ ಮಂಜು ಎಂದುಕೊಂಡ.

ಮುಂದಿನ ತಿರುವಿನಲ್ಲಿ ಇವನು ಬ್ರೇಕ್ ತುಳಿದ. ಲಾರಿಗೆ ಅದು ಕೇಳಿಸಲಿಲ್ಲ. ಎದ್ದು ನಿಂತು ತುಳಿದ. ಲಾರಿ ಇನ್ನೂ ಜೋರಾಯಿತು. ಗೇರು ಹಾಕಹೋದ. ಗೇರು ಹಲ್ಲು ಕಡಿಯಿತೇ ಹೊರತು ಒಳಗೆ ಹೋಗಲಿಲ್ಲ. ಆ ಓಟದಲ್ಲಿ ಯಾರು ಹಾಕಿದರೂ ಹೋಗುವುದಿಲ್ಲ, ನಾನು ಹಾಕಿದರೂ ಹೋಗುವುದಿಲ್ಲ. ಇನ್ನು ನೀನೇ ಲೆಕ್ಕ ಹಾಕಿಕೋ.

"ಹೊತ್ತುಕೊಂಡು ಹೋಗುತ್ತೇನೆ ಅಂದೆಯಲ್ಲ, ನಿಲ್ಲಿಸು!" ಎಂದು ಅವನು ಗುಡ್ಡಕ್ಕೆ ಕೂಗಿಕೊಂಡ.

"ಹೊತ್ತುಕೊಂಡೇ ಹೋಗುತ್ತಿದ್ದೇನಲ್ಲ ಮಾರಾಯ," ಎಂದಿತು ಗುಡ್ಡ. "ಹಿಡಿಯುವುದು ಗೇರಿನ ಕೆಲಸವಾಗಿತ್ತು. ಅದನ್ನು ನೀನೇ ಬಿಟ್ಟುಕೊಟ್ಟೆ."

ರಸ್ತೆ ಮುಗಿಯಿತು. ಇಳಿಜಾರು ಮುಗಿಯಲಿಲ್ಲ. ಲಾರಿ ಮೋಡದೊಳಗೆ ಇಳಿಯಿತು, ಮೋಡದ ಕೆಳಗಿನ ಮೋಡಕ್ಕೆ ಇಳಿಯಿತು. ಹಕ್ಕಿಗಳು ಅದರ ಜೊತೆ ಸ್ವಲ್ಪ ದೂರ ಹಾರಿ, ದಣಿದು ಹಿಂದಿರುಗಿದವು. ಮಂಜು ಕವಿದ ಬೆಳಗಿನಲ್ಲಿ ಇಲ್ಲಿ ನಿಂತರೆ ಸದ್ದಿಲ್ಲದ ಗಾಳಿಯೊಂದು ಪಕ್ಕದಲ್ಲೇ ಹಾದುಹೋಗುತ್ತದೆ. ಒಡೆದ ನಿಂಬೆಹಣ್ಣಿನ ವಾಸನೆ ಬರುತ್ತದೆ. ಅದು ಅವನೇ.

ನಾನು ಕತೆ ನಿಲ್ಲಿಸಿದೆ. ಫಕೀರಪ್ಪ ಗಾಜಿನಾಚೆ ಮಂಜನ್ನು ನೋಡುತ್ತಿದ್ದ. ಅವನ ಮೂಗಿನ ಹೊಳ್ಳೆ ಸಣ್ಣಗೆ ಅರಳಿತು. ನಮ್ಮ ಚಕ್ರಗಳ ಕೆಳಗೂ ಅವನೇ ಇಟ್ಟ ನಿಂಬೆಹಣ್ಣುಗಳಿದ್ದವು.

"ಕೊನೆಗೆ ಅವನು ಕೆಳಗೆ ಮುಟ್ಟಿದನಾ ಉಸ್ತಾದ್?"

ನನ್ನ ಕಡೆಯ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟೆ.

"ನನಗೇನು ಗೊತ್ತು ತಮ್ಮಾ, ಹೇಗೂ ನಿನ್ನ ಗೇರು ನ್ಯೂಟ್ರಲ್‌ನಲ್ಲೇ ಇದೆ, ನೀನೇ ಹೋಗಿ ನೋಡಿಕೊಂಡು ಬಾ, ನಾನು ಇಲ್ಲೇ ಇಳಿದು ಕಾಯುತ್ತೇನೆ."

ಫಕೀರಪ್ಪ ಕ್ಲಚ್ ತುಳಿದ. ಎರಡನೇ ಗೇರು ಬಿದ್ದ ಸದ್ದು ಕೇಳಿಸಿತು.