ಓಬಳಿ ಕಿಟಕಿ ಹಾಕಿಸಿದ್ದು

ಬನ್ನಿ, ಹೀಗೆ ಗೋಡೆಗೊರಗಿ ಕೂತ್ಕೊಳ್ಳಿ. ಎಲೆ ಅಡಿಕೆ ಹಾಕಿಕೊಳ್ಳೋರು ಹಾಕಿಕೊಳ್ಳಿ, ತೂಕಡಿಸೋರು ಈಗಲೇ ಹೋಗಿ ಮಲಗಿ. ಈ ಕತೆಯ ನಡುವೆ ಕಣ್ಣು ಮುಚ್ಚಿದರೆ, ಬಿಡೋ ಹೊತ್ತಿಗೆ ಮನೆಗೆ ಗೋಡೆ ಇರೋದಿಲ್ಲ.

ಮಗ್ಗದ ಕೇರಿ ಅಂತ ಒಂದು ಕೇರಿ. ಸಾಲಾಗಿ ಐದು ಮನೆ, ಒಂದರ ಗೋಡೆಯೇ ಇನ್ನೊಂದಕ್ಕೂ ಗೋಡೆ. ಮೂಡಲ ತುದಿಯ ಮನೆ ತಿಪ್ಪಕ್ಕನದು. ಗಂಡ ತೀರಿಕೊಂಡಿದ್ದ. ಉಳಿದದ್ದು ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯೋ ಒಂದು ಗುಂಡಿಮಗ್ಗ, ಒಬ್ಬ ಮಗ. ಮಗ್ಗ ಹೇಳಿದ ಹಾಗೆ ಕೇಳುತ್ತಿರಲಿಲ್ಲ. ಮಗ ಓಬಳಿ ಹೇಳಿದ ಹಾಗೇ ಕೇಳುತ್ತಿದ್ದ. ತಿಪ್ಪಕ್ಕನಿಗೆ ಮಗ್ಗವೇ ವಾಸಿ ಅನ್ನಿಸುತ್ತಿತ್ತು.

ಆ ಮನೆಗೆ ಇದ್ದದ್ದು ಒಂದೇ ಕಿಟಕಿ, ಮೂಡಲ ಗೋಡೆಯಲ್ಲಿ. ಗೆದ್ದಲು ತಿಂದು, ಬಾಗಿಲು ಜೋತು, ತೆಗೆದರೆ ಬಿದ್ದೇ ಹೋಗುತ್ತೆ ಅಂತ ಮುಚ್ಚಿಯೇ ಇಟ್ಟಿದ್ದಳು. ಆ ಕತ್ತಲಲ್ಲಿ ನೇದು ನೇದು, ಒಂದು ಸೀರೆಯ ಅಂಚಿನಲ್ಲಿ ಕುಂಕುಮದ ಕೆಂಪಿನ ಜೊತೆ ಕಂದುಗೆಂಪು ಎಳೆ ಸೇರಿಹೋಯಿತು. ರೇಷ್ಮೆ ಕೊಟ್ಟು ನೇಯಿಸುತ್ತಿದ್ದ ವಿಠೋಬಪ್ಪ ಸಾವ್ಕಾರರು ಸೀರೆ ಬಿಡಿಸಿ ನೋಡಿದರು. ಹದಿನೈದು ದಿನ ಬಿಟ್ಟು ಗುರುವಾರ, ದೀಪ ಹಚ್ಚೋ ಮುಂಚೆ ಬರುತ್ತೇನೆ, ಮಗ್ಗದ ಮೇಲೆ ಬೆಳಕು ಬಿದ್ದಿದ್ದರೆ ಸರಿ, ಇಲ್ಲದಿದ್ದರೆ ರೇಷ್ಮೆ ಬೇರೆ ಮನೆಗೆ ಅಂದರು. ರೇಷ್ಮೆ ಹೋದರೆ ತಿಪ್ಪಕ್ಕನ ಒಲೆಯೂ ಆರಿದ ಹಾಗೇ.

ಸರಿ, ತಿಪ್ಪಕ್ಕ ಮಗನನ್ನು ಕರೆದು, ಊರಲ್ಲಿ ಯಾರ ಯಾರ ಮನೆ ಕಿಟಕಿ ಹೇಗಿದೆ ನೋಡಿಕೊಂಡು ಬಾ, ಹೊರಗಿಂದಲೂ ನೋಡು, ಒಳಗಿಂದಲೂ ನೋಡು ಅಂದಳು. ಓಬಳಿ ಹೋದ. ಹೊರಗಿಂದ ನೋಡಿದ, ಒಳಗೆ ಹೋಗಿ ನೋಡಿದ. ಪಟೇಲರ ಮನೆ ಕಿಟಕಿ ಎತ್ತರ, ಬಾಣಂತಿ ಮಲಗಿದ್ದ ಮಂಚ ಹತ್ತಿ ನಿಂತು ನೋಡಿದ. ಹೆಂಗಸರು ಪೊರಕೆ ಹಿಡಿದು ಕೇರಿಯವರೆಗೂ ಅಟ್ಟಿಸಿಕೊಂಡು ಬಂದರು.

ತಿಪ್ಪಕ್ಕ ಹಣೆ ಚಚ್ಚಿಕೊಂಡಳು. "ಇನ್ನು ಮೇಲೆ ಕಿಟಕಿ ಕಂಡರೆ ಮುಖ ತಿರುಗಿಸ್ಕೊಂಡು ನಿಲ್ಲೋ, ಮಾನಗೆಟ್ಟೋನೆ."

"ಆಗಲಿ ಕಣವ್ವ."

ಮಾರನೇ ದಿನ ಅವನನ್ನು ಮೌನಾಚಾರಿ ಅನ್ನೋ ಬಡಗಿಯ ಹತ್ತಿರ ಕಳಿಸಿದಳು. ಅಲ್ಲಿ ಸಾಲಾಗಿ ಕಿಟಕಿ ಒರಗಿಸಿದ್ದರು. ಕಂಡದ್ದೇ ತಡ, ಓಬಳಿ ಬೆನ್ನು ತಿರುಗಿಸಿ ನಿಂತ. ಯಾವುದಪ್ಪ ಬೇಕು ಅಂತ ಆಚಾರಿ ಕೇಳಿದರೆ, ಹಿಂದಕ್ಕೆ ಕೈ ಚಾಚಿ ಅದು ಅಂದ. ಇಂಥ ಗಿರಾಕಿ ದಿನಾ ಬರುತ್ತಾರಾ? ಆರು ವರ್ಷದಿಂದ ಯಾರೂ ಮೂಸದೆ ಇದ್ದ ಒಂದನ್ನು ಆಚಾರಿ ಅವನ ತಲೆಗೆ ಹೊರಿಸಿದ. ಮನೆಗೆ ತಂದು ಇಳಿಸೋ ಹೊತ್ತಿಗೆ ಹುಳ ಕೊರೆದ ಹಿಟ್ಟು ಉದುರಿ ಓಬಳಿ ಮುದುಕನ ಹಾಗೆ ಬೆಳ್ಳಗಾಗಿದ್ದ.

"ಯಾವುದನ್ನೇ ಮನೆಗೆ ತರೋ ಮುಂಚೆ ಗೆಣ್ಣಲ್ಲಿ ತಟ್ಟಿ ನೋಡಬೇಕು ಕಣೋ, ಟೊಳ್ಳೋ ಗಟ್ಟಿಯೋ ಅಂತ."

"ಆಗಲಿ ಕಣವ್ವ."

ತಿಪ್ಪಕ್ಕ ತಾನೇ ಹೋಗಿ ಆಚಾರಿಯ ಏಳು ತಲೆಮಾರು ನೆನಸಿ, ಹೊನ್ನೆ ಮರದ, ಐದು ಸರಳಿನ ಹೊಸ ಕಿಟಕಿ ಮಾಡಲು ಹೇಳಿ ಬಂದಳು. ಇನ್ನು ಅದನ್ನು ಕೂರಿಸೋಕೆ ಗಾರೆಯವನು ಬೇಕಲ್ಲ. ಗಾರೆ ಪೆನ್ನಪ್ಪನನ್ನು ಕರ್ಕೊಂಡು ಬಾ ಅಂತ ಮಗನನ್ನು ಕಳಿಸಿದಳು. ಪೆನ್ನಪ್ಪನದು ನುಣ್ಣನೆ ಬೋಳುತಲೆ. ಜಗುಲಿ ಮೇಲೆ ಕೂತು ಬೀಡಿ ಸೇದುತ್ತಿದ್ದ. ಓಬಳಿ ಹೋದವನೇ ಮೂರು ಸಲ ತಟ್ಟಿದ, ಕಿವಿಯಿಟ್ಟು ಕೇಳಿದ, "ಟೊಳ್ಳು ಕಣಪ್ಪ, ನೀನು ಬೇಡ" ಅಂದು ವಾಪಸ್ ಬಂದ.

ಎರಡು ದಿನ ತಿಪ್ಪಕ್ಕ ಪೆನ್ನಪ್ಪನ ಮನೆ ಬಾಗಿಲಲ್ಲಿ ನಿಂತು ಬೇಡಿಕೊಂಡಳು. ಬುಧವಾರ ಬರುತ್ತೇನೆ, ಆದರೆ ಆ ನಿನ್ನ ಮಗ ನನ್ನ ತಲೆಯಿಂದ ಹತ್ತು ಮಾರು ದೂರ ಇರಬೇಕು ಅಂತ ಅವನು ಒಪ್ಪಿದ.

ಮನೆಗೆ ಬಂದವಳು ಮಗನಿಗೆ ಹೇಳಿದಳು. "ಮನೆಗೆ ಬಂದೋರನ್ನ ತಟ್ಟಬಾರದು. ಚಾಪೆ ಹಾಕಿ ಕೂರಿಸಿ, ಕಾಲಿಗೆ ನೀರು ಕೊಟ್ಟು, ಹೊಟ್ಟೆತುಂಬ ಮಜ್ಜಿಗೆ ಕುಡಿಸಬೇಕು."

"ಆಗಲಿ ಕಣವ್ವ."

ಮಂಗಳವಾರ ಅವಳು ನೀರಿಗೆ ಹೋದಾಗ ಗಾಡಿಯಲ್ಲಿ ಬಂದದ್ದು ಯಾರು? ಕಿಟಕಿ. ಓಬಳಿ ಚಾಪೆ ಹಾಸಿದ, ಕೂರಿಸಿದ, ಕಾಲಿಗೆ ನೀರು ಹಾಕಿದ. ಕುಡಿ ಅಂದ, ಕುಡಿಯಲಿಲ್ಲ. ಪಾಪ, ನಾಚಿಕೆ ಇರಬೇಕು ಅಂತ ಒಂದು ಗಡಿಗೆ ಮಜ್ಜಿಗೆಯನ್ನು ಸರಳುಗಳ ಮೇಲೆ ತಾನೇ ಸುರಿದ. ಬೆಳಗಾಗೋದರೊಳಗೆ ಮರ ನೆನೆದು ಉಬ್ಬಿ, ಬಾಗಿಲು ಚೌಕಟ್ಟಿನೊಳಗೆ ಸೇರಲೇ ಇಲ್ಲ. ಆಚಾರಿ ಬೈಯುತ್ತಾ ಬಂದು ಉಜ್ಜುಗೊರಡು ಹಾಕಿ ಅಷ್ಟಷ್ಟೇ ಹೆರೆದ ಮೇಲೆ ಕೂತಿತು.

ತಿಪ್ಪಕ್ಕ ಮಗನ ಕಿವಿ ಹಿಡಿದು ತೋರಿಸಿದಳು. "ನೋಡಿ ಕಲಿ. ಅಡ್ಡ ಬಂದದ್ದನ್ನ ತೆಗೀಬೇಕು. ಉಪಚಾರ ಮಾಡ್ತಾ ಕೂರಬಾರದು."

"ಆಗಲಿ ಕಣವ್ವ."

ಅಂತೂ ಬುಧವಾರ ಪೆನ್ನಪ್ಪ ಕಿಟಕಿ ಕೂರಿಸಿದ. ಗುರುವಾರ ಬೆಳಿಗ್ಗೆ ಕಿಟಕಿ ಬಾಗಿಲು ತೆಗೆದರೆ ಎಳೆಬಿಸಿಲು ನೇರ ಬಂದು ಮಗ್ಗದ ಮೇಲೆ, ಅರ್ಧ ನೇದ ಸೀರೆಯ ಮೇಲೆ ಬಿತ್ತು. ತಿಪ್ಪಕ್ಕನ ಕಣ್ಣಲ್ಲಿ ನೀರು ಬಂತು. ಅವತ್ತೇ ಕೇರಿಯವರೆಲ್ಲ ಸೇರಿ ಬಯಲಲ್ಲಿ ಹಾಸು ಎಳೆಯೋ, ಅಂದರೆ ಮಗ್ಗದ ಉದ್ದೆಳೆ ಬಿಗಿದು ಹದ ಮಾಡೋ ದಿನ, ಮನೆಗೊಬ್ಬರು ಹೋಗಲೇಬೇಕು. ಹೊಸ ಕಿಟಕಿಗೆ ಮಕ್ಕಳು ಮರಿ ಬಂದು ಜೋತುಬಿದ್ದರೆ ಕತ್ತಲಾಗುತ್ತಲ್ಲ ಅಂತ ಹೋಗೋ ಮುಂಚೆ ಮಗನಿಗೆ ಒಂದೇ ಮಾತು ಹೇಳಿದಳು.

"ಸಾವ್ಕಾರರು ಬರೋವರೆಗೂ ಮಗ್ಗದ ಮೇಲಿನ ಬೆಳಕು ತಪ್ಪದ ಹಾಗೆ ನೋಡ್ಕೋ. ಅಷ್ಟೇ ನಿನ್ನ ಕೆಲಸ."

"ಆಗಲಿ ಕಣವ್ವ."

ಓಬಳಿ ಕೂತು ನೋಡಿಕೊಂಡ. ಹೊತ್ತು ಏರಿತು. ಬೆಳಕು ಮಗ್ಗದಿಂದ ನೆಲಕ್ಕೆ ಜಾರಿತು, ನೆಲದಿಂದ ಗೋಡೆಗೆ ಹೋಯಿತು, ಆಚೆಗೇ ಹೊರಟುಹೋಯಿತು. ಹೊರಗೆ ಬಂದು ನೋಡಿದರೆ ಸೂರ್ಯ ನೆತ್ತಿ ಮೇಲೆ. ನಡುವೆ ಅಡ್ಡ ಬಂದದ್ದು ಹೆಂಚು. ಏಣಿ ಹಾಕಿ ಹತ್ತಿ ಒಂದೊಂದೇ ತೆಗೆದ. ಬೆಳಕು ದುಬುಕ್ಕನೆ ಮಗ್ಗದ ಮೇಲೆ ಬಿತ್ತು.

ಹೊತ್ತು ಇಳಿಯಿತು. ಸೂರ್ಯ ಪಡುವಲಕ್ಕೆ ವಾಲಿದ. ಈಗ ಅಡ್ಡ ಬಂದದ್ದು ಪಾಲುಗೋಡೆ. ಓಬಳಿ ಹಾರೆ ತಂದ. ಗೋಡೆಯ ಆಚೆ, ಮಂಡಿನೋವಿನ ಲಚ್ಚಕ್ಕ ಒಬ್ಬಳೇ ಮನೆಯಲ್ಲಿ ಉಳಿದು ಮುದ್ದೆ ನುಂಗುತ್ತಿದ್ದಳು. ಸಾರಿನ ಬಟ್ಟಲಿಗೆ ಮಣ್ಣು ಬಿತ್ತು, ಹಿಂದೆಯೇ ಹಾರೆಯ ಮೂತಿ ಬಂತು, ಅದರ ಹಿಂದೆ ಓಬಳಿಯ ಮೂತಿ.

"ಏನ್ಲಾ ಇದು?"

"ಬೆಳಕಿಗೆ ಅಡ್ಡ ಕೂತಿದೀಯ ಲಚ್ಚಕ್ಕ, ಚೂರು ಜರುಗು."

ಅವಳು ಜರುಗಿದಳು. ಹಾರೆ ಹಿಡಿದವನ ಹತ್ತಿರ ಯಾರು ವಾದ ಮಾಡುತ್ತಾರೆ? ಅವನು ಲಚ್ಚಕ್ಕನ ಆಚೆ ಗೋಡೆಯನ್ನೂ ತೂತು ಮಾಡಿದ. ಅದರಾಚೆ ಇನ್ನೊಂದು ಮನೆ, ಜನವೆಲ್ಲ ಬಯಲಲ್ಲಿ, ಆ ಮನೆಗೂ ಗೋಡೆ, ಅದಕ್ಕೂ ತೂತು. ಹಾಗೇ ಐದನೇ ಮನೆಯ ಕಡೇ ಗೋಡೆ ಕುಟ್ಟಿದಾಗ, ಸಂಜೆಯ ಬಿಸಿಲು ನಾಲ್ಕು ಮನೆ ದಾಟಿ, ಒಡೆದ ಗೋಡೆಗಳ ಧೂಳಿನಲ್ಲಿ ಕೋಲಿನ ಹಾಗೆ ಹಾದು, ತಿಪ್ಪಕ್ಕನ ಮಗ್ಗದ ಮೇಲೆ ಬಂದು ನಿಂತಿತು.

ಅದೇ ಹೊತ್ತಿಗೆ ವಿಠೋಬಪ್ಪ ಸಾವ್ಕಾರರು ಕೇರಿಯ ಪಡುವಲ ತುದಿಗೆ ಬಂದರು. ಆ ತುದಿಯ ಮನೆ ಗೋಡೆಯಲ್ಲಿ ತೂತು ಕಂಡು, ಬೆಳಕಿಗೆ ಅಡ್ಡವಾಗದ ಹಾಗೆ ಓರೆಯಾಗಿ ಬಗ್ಗಿ ಇಣುಕಿದರು. ಅಷ್ಟು ದೂರದಲ್ಲಿ ತಿಪ್ಪಕ್ಕನ ಸೀರೆಯ ಅಂಚು ಕೆಂಡದ ಹಾಗೆ ಹೊಳೆಯುತ್ತಿತ್ತು. ಕುಂಕುಮದ ಕೆಂಪು ಬೇರೆ, ಕಂದುಗೆಂಪು ಬೇರೆ, ಎಳೆ ಎಳೆಯಾಗಿ ಕಾಣುತ್ತಿತ್ತು. ನಲವತ್ತು ವರ್ಷದ ವ್ಯಾಪಾರದಲ್ಲಿ ಇಂಥ ಬೆಳಕು ನೋಡಿಲ್ಲ ಅಂದರು. ಬಯಲಿನಿಂದ ಓಡಿ ಬಂದ ತಿಪ್ಪಕ್ಕನ ಕೈಗೆ ಹತ್ತು ಸೀರೆಯ ರೇಷ್ಮೆ ಇಟ್ಟು, ಅವಳ ಮನೆವರೆಗೂ ಬರದೆ ಅಲ್ಲಿಂದಲೇ ಹೋದರು.

ರೇಷ್ಮೆ ಎದೆಗೊತ್ತಿಕೊಂಡು ತಿಪ್ಪಕ್ಕ ಮನೆಯೊಳಗೆ ಬಂದಳು. ಮೇಲೆ ನೋಡಿದರೆ ಆಕಾಶ, ಎದುರಿಗೆ ನೋಡಿದರೆ ನಾಲ್ಕು ಮನೆಯವರ ಮುಖ. ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದಾಗ ಸೂರ್ಯ ಮುಳುಗಿದ. ಕತ್ತಲಾಯಿತು. ಮಗ್ಗದ ಗುಂಡಿಯೊಳಗಿಂದ ಧಡ್ ಧಡ್ ಅಂತ ಸದ್ದು. ಬುಡ್ಡಿ ಹಿಡಿದು ಬಗ್ಗಿದರೆ, ಓಬಳಿ ಎದೆಮಟ್ಟ ಗುಂಡಿಯಲ್ಲಿ ನಿಂತು ಹಾರೆ ಹಾಕುತ್ತಿದ್ದಾನೆ.

"ಏನ್ ಮಾಡ್ತಾ ಇದೀಯೋ?"

"ಸೂರ್ಯ ಕೆಳಕ್ಕಿಳಿದ ಕಣವ್ವ. ನೆಲ ಅಡ್ಡ ಬಂದಿದೆ."

ಆಮೇಲೆ ಏನಾಯಿತು ಅಂತೀರಾ? ಪೆನ್ನಪ್ಪ ಬಂದು ಗುಂಡಿಯಲ್ಲಿ ಹೆಚ್ಚಿಗೆ ತೋಡಿದ್ದನ್ನು ಮುಚ್ಚಿ ಹೆಂಚು ಹೊದಿಸಿದ. ನಾಲ್ಕು ಮನೆಯವರು ನಾಲ್ಕು ದಿನ ಬೈದರು, ಐದನೇ ದಿನ ಬೆಳಕಿನ ರುಚಿ ಹತ್ತಿ, ಮುಚ್ಚೋದು ಬೇಡ, ಕಿಟಕಿಯನ್ನೇ ಇಡಿಸಿ ಅಂದರು. ಮೌನಾಚಾರಿಗೆ ಒಂದು ವರ್ಷದ ಕೆಲಸ ಒಂದೇ ಕೇರಿಯಲ್ಲಿ ಸಿಕ್ಕಿತು. ಸಾವ್ಕಾರರು ಪಡುವಲ ತುದಿಯ ಮನೆಯ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಐದು ಮನೆ ನೇಯ್ಗೆಯನ್ನೂ ನೋಡಿ ಹೋಗುತ್ತಾರೆ, ನಡೆಯೋ ಕಷ್ಟವಿಲ್ಲ. ಮಂಡಿನೋವಿನ ಲಚ್ಚಕ್ಕ ಕೂತಲ್ಲೇ ನಾಲ್ಕೂ ಮನೆ ಸಾರಿನ ಉಪ್ಪು ಹೇಳುತ್ತಾಳೆ. ತಿಪ್ಪಕ್ಕ ಹತ್ತು ಸೀರೆ ನೇದು ಕೊಟ್ಟಳು, ಮತ್ತೆ ಹತ್ತು ಬಂತು.

ಓಬಳಿಗೋ? ಅವತ್ತಿನಿಂದ ತಿಪ್ಪಕ್ಕ ಮಗನಿಗೆ ಒಂದೇ ಒಂದು ಬುದ್ಧಿಮಾತೂ ಹೇಳಲಿಲ್ಲ. ಅದಕ್ಕೇ ಅವನನ್ನು ಈಗ ಊರಿನವರೆಲ್ಲ ಬುದ್ಧಿವಂತ ಅನ್ನುತ್ತಾರೆ.